ಅಜ್ಜನ 12 ಎಕರೆ ಯಾರಿಗೆ?

ಶಾಲೆಯಲ್ಲಿ ಟೀಚರ್ 'ನಿಮ್ಮ ಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ' ಅಂದರೆ ಮಕ್ಕಳು ಏನು ಮಾಡುತ್ತಾರೆ? ಡ್ರಾಯಿಂಗ್ ಹಾಳೆಯಲ್ಲಿ ಒಂದು ಮರ. ಬುಡದಲ್ಲಿ ಅಜ್ಜ-ಅಜ್ಜಿಯ ಫೋಟೊ, ಕೊಂಬೆಗಳಲ್ಲಿ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ತುದಿಯ ಎಲೆಗಳಲ್ಲಿ ತಾವು. ಅತ್ತೆಯ ಹೆಸರು ಮರೆತುಹೋದರೂ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಇದೇ ಮರವನ್ನು ಇನ್ನೊಂದು ಕಡೆಯಲ್ಲೂ ಬರೆಯುತ್ತಾರೆ. ಅದು ನಾಡಕಚೇರಿ. ಅಲ್ಲಿ ಬಣ್ಣವೂ ಇಲ್ಲ, ಎಲೆಯೂ ಇಲ್ಲ; ಹೆಸರು, ವಯಸ್ಸು, ಸಂಬಂಧ, ಬದುಕಿದ್ದಾರೋ ಇಲ್ಲವೋ, ಅಷ್ಟೇ. ಮನೆಯ ಹಿರಿಯರೊಬ್ಬರು ತೀರಿಕೊಂಡು, ತಿಥಿ-ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಊರಿಗೆ ಹೊರಟ ಮೇಲೆ ಈ ಮರದ ಕೆಲಸ ಶುರುವಾಗುತ್ತದೆ. ಹೋದವರ ಹೆಸರಿನಲ್ಲಿದ್ದ ಹೊಲ, ತೋಟ, ಮನೆ ಯಾರಿಗೆ ಸೇರಬೇಕು ಎಂದು ನೋಡುವಾಗ ಮೊದಲು ಕೇಳುವ ಕಾಗದವೇ ಇದು. ಈ ಮರದಲ್ಲಿ ಅತ್ತೆಯ ಹೆಸರು ಬಿಟ್ಟರೆ ಅದು ಮರೆವಲ್ಲ. ಅದು ಅವಳ ಪಾಲನ್ನು ಬಿಟ್ಟಂತೆ. ವರ್ಷಗಟ್ಟಲೆ ನಡೆಯುವ ಎಷ್ಟೋ ಕೋರ್ಟು ಕೇಸುಗಳ ಬೇರು ಹುಡುಕಿದರೆ ಇಂಥದ್ದೊಂದು ಬಿಟ್ಟುಹೋದ ಹೆಸರು ಸಿಗುತ್ತದೆ.

ಯಾರಿಗೆ ಎಷ್ಟು ಎಂದು ಹೇಳುವ ಕಾನೂನು ಒಂದೇ ದಿನ ಬಂದದ್ದಲ್ಲ. ಅದರ ಕತೆಯ ಒಂದು ದೊಡ್ಡ ಭಾಗ ನಮ್ಮ ನಾಡಿನಲ್ಲೇ ನಡೆದದ್ದು.

ಕಲ್ಯಾಣದ ಪಂಡಿತರು

ಬೀದರ್ ಜಿಲ್ಲೆಯ ಬಸವಕಲ್ಯಾಣ ನಿಮಗೆ ಗೊತ್ತು. ಬಸವಣ್ಣನವರ ಕಾಲಕ್ಕಿಂತ ಸ್ವಲ್ಪ ಮೊದಲು ಅದು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ರಾಜಧಾನಿ. 1076ರಿಂದ 1126ರವರೆಗೆ, ಐವತ್ತು ವರ್ಷ ಆಳಿದ ದೊರೆ ಅವನು. ಅವನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತರಿದ್ದರು. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ ಸಂಸ್ಕೃತ ವ್ಯಾಖ್ಯಾನದ ಹೆಸರು 'ಮಿತಾಕ್ಷರಾ'. ಅಂದರೆ ಮಿತವಾದ ಅಕ್ಷರಗಳಲ್ಲಿ ಹೇಳಿದ್ದು. ಅಕ್ಷರ ಮಿತವಾದರೂ ಅದರ ಆಯಸ್ಸು ಮಿತವಾಗಲಿಲ್ಲ. ಬಂಗಾಳ, ಅಸ್ಸಾಂ ಬಿಟ್ಟರೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಸುಮಾರು ಎಂಟುನೂರು ವರ್ಷ ಈ ಗ್ರಂಥದ ಪ್ರಕಾರ ಹಂಚಿಕೆಯಾಯಿತು. ಬ್ರಿಟಿಷ್ ಜಡ್ಜುಗಳು ಕೂಡ ಅದರ ಅನುವಾದ ಇಟ್ಟುಕೊಂಡೇ ತೀರ್ಪು ಬರೆದರು.

ವಿಜ್ಞಾನೇಶ್ವರರ ಮುಖ್ಯ ಮಾತು ಇದು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತಾಗ ಅಲ್ಲ, ತಾನು ಹುಟ್ಟಿದಾಗ. ತೊಟ್ಟಿಲಲ್ಲಿ ಮಲಗಿರುವ ಕೂಸೂ ಅಜ್ಜನ ಹೊಲದ ಪಾಲುದಾರನೇ. ಬಂಗಾಳದ ಕಡೆಯ ಜೀಮೂತವಾಹನರ 'ದಾಯಭಾಗ' ಹಾಗೆ ಹೇಳುವುದಿಲ್ಲ. ಅಲ್ಲಿ ಅಪ್ಪ ಇರುವಷ್ಟು ದಿನ ಎಲ್ಲವೂ ಅಪ್ಪನದೇ.

ತೊಟ್ಟಿಲಲ್ಲಿರುವುದು ಹೆಣ್ಣುಕೂಸಾದರೆ? ಆಗ ಮಾತು ಬದಲಾಗುತ್ತಿತ್ತು. ಹುಟ್ಟಿನಿಂದ ಬರುವ ಹಕ್ಕು ಗಂಡಿಗೆ ಮಾತ್ರ. ಆದರೆ ವಿಜ್ಞಾನೇಶ್ವರರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಹೆಂಗಸಿಗೆ ಯಾವ ದಾರಿಯಿಂದ ಬಂದ ಆಸ್ತಿಯೇ ಆಗಲಿ, ವಾರಸಿನಿಂದ ಬಂದದ್ದೂ ಸೇರಿ, ಅದು ಅವಳ ಸ್ತ್ರೀಧನವೇ ಎಂದು ಅವರು ಬರೆದಿದ್ದರು. ಅದನ್ನು ಒಪ್ಪದೆ ಕುಗ್ಗಿಸಿದ್ದು ಎಷ್ಟೋ ಶತಮಾನಗಳ ನಂತರ ಲಂಡನ್ನಿನಲ್ಲಿ ಕೂತಿದ್ದ ಪ್ರಿವಿ ಕೌನ್ಸಿಲ್. ಗಂಡನಿಂದ ಬಂದ ಆಸ್ತಿಯನ್ನು ವಿಧವೆ ಬದುಕಿರುವಷ್ಟು ಕಾಲ ಅನುಭವಿಸಬಹುದು, ತನ್ನದೆಂದು ಕೊಡುವ ಹಾಗಿಲ್ಲ ಎಂಬುದೇ ಕೋರ್ಟುಗಳ ನಿಯಮವಾಯಿತು. ಹಳೆಯದೆಲ್ಲ ಕೆಟ್ಟದ್ದು, ಹೊಸದೆಲ್ಲ ಒಳ್ಳೆಯದು ಎನ್ನುವವರು ಇದನ್ನೊಮ್ಮೆ ಗಮನಿಸಬೇಕು.

ನಾಲ್ಕು ಲೆಕ್ಕ

ಈಗ ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಿ. ಒಬ್ಬ ಅಜ್ಜನಿಗೆ 12 ಎಕರೆ ಪಿತ್ರಾರ್ಜಿತ ಹೊಲ ಇದೆ ಎಂದುಕೊಳ್ಳೋಣ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳಿಗೆ ಮದುವೆಯಾಗಿದೆ. ಲೆಕ್ಕ ಸರಳವಾಗಲಿ ಎಂದು ಅಜ್ಜಿ ಮೊದಲೇ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. (ಓದುತ್ತಿರುವ ಅಜ್ಜಿಯರು ಕ್ಷಮಿಸಬೇಕು.) ಅಜ್ಜ ಉಯಿಲು ಬರೆದಿಲ್ಲ. ಒಂದು ಎಕರೆಗೆ 40 ಗುಂಟೆ ಎಂಬುದು ನೆನಪಿರಲಿ.

ಅಜ್ಜ ತೀರಿಕೊಂಡದ್ದು 1956ಕ್ಕಿಂತ ಹಿಂದೆ ಎಂದಾದರೆ ಲೆಕ್ಕವೇ ಬೇಡ. ಉಳಿದ ಗಂಡಸರಿಗೆ ಎಲ್ಲ. ಮಗನಿಗೆ 6 ಎಕರೆ, ಇನ್ನೊಬ್ಬ ಮಗನಿಗೆ 6 ಎಕರೆ, ಹೆಣ್ಣುಮಕ್ಕಳಿಗೆ ಸೊನ್ನೆ. ಹಳೆಯ ಮೈಸೂರು ಸಂಸ್ಥಾನ ಇಲ್ಲಿ ಸ್ವಲ್ಪ ಮುಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲೇ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂತು. ಮನೆ ಪಾಲಾಗುವಾಗ ತಾಯಿಗೆ, ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಿಷ್ಟು ಪಾಲು ಇಡಬೇಕು ಎಂದಿತು. ಮದುವೆಯಾಗದ ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲು ಭಾಗ. ಕಾಲು ಭಾಗವೇ ಆದರೂ ಸೊನ್ನೆಗಿಂತ ವಾಸಿ. ನಮ್ಮ ಲೆಕ್ಕದ ಹೆಣ್ಣುಮಕ್ಕಳು ಮದುವೆಯಾದವರು, ಹಾಗಾಗಿ ಅವರಿಗೆ ಅದೂ ಇಲ್ಲ.

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂತು. ಇದರ ಲೆಕ್ಕ ಸ್ವಲ್ಪ ವಿಚಿತ್ರ. ಅಜ್ಜ ಸಾಯುವ ಮುಂಚಿನ ಗಳಿಗೆಯಲ್ಲಿ ಅಜ್ಜ ಮತ್ತು ಗಂಡುಮಕ್ಕಳು ಪಾಲಾದರು ಎಂದು ಕಲ್ಪಿಸಿಕೊಳ್ಳಬೇಕು. ಮೂವರಿಗೆ ತಲಾ 4 ಎಕರೆ. ಆಮೇಲೆ ಅಜ್ಜನ 4 ಎಕರೆಯನ್ನು ಮಾತ್ರ ನಾಲ್ಕೂ ಮಕ್ಕಳಿಗೆ ಸಮನಾಗಿ ಹಂಚಬೇಕು. ಕೂಡಿ ನೋಡಿ: ಗಂಡುಮಕ್ಕಳಿಗೆ 5, 5; ಹೆಣ್ಣುಮಕ್ಕಳಿಗೆ 1, 1.

ಮೂರನೆಯ ಲೆಕ್ಕ ಕರ್ನಾಟಕದ್ದೇ. ಆಂಧ್ರ, ತಮಿಳುನಾಡುಗಳ ದಾರಿ ಹಿಡಿದು ನಮ್ಮ ರಾಜ್ಯವೂ ತಿದ್ದುಪಡಿ ತಂದಿತು. ಅದು 1994ರ ಜುಲೈ 30ರಂದು ಜಾರಿಯಾಯಿತು. ಮಗಳಿಗೂ ಮಗನ ಹಾಗೆಯೇ ಹುಟ್ಟಿನಿಂದ ಹಕ್ಕು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದ ಮಗಳಿಗೆ ಇಲ್ಲ! ನಮ್ಮ ಅಜ್ಜನ ದೊಡ್ಡ ಮಗಳ ಮದುವೆ 1993ರಲ್ಲಿ, ಚಿಕ್ಕವಳದು 1995ರಲ್ಲಿ ಆಯಿತು, ಅಜ್ಜ 2000ದಲ್ಲಿ ತೀರಿಕೊಂಡರು ಎನ್ನಿ. ಈಗ ಅಜ್ಜ, ಇಬ್ಬರು ಗಂಡುಮಕ್ಕಳು, ಚಿಕ್ಕ ಮಗಳು ಸೇರಿ ನಾಲ್ಕು ಪಾಲು; ತಲಾ 3 ಎಕರೆ. ಅಜ್ಜನ 3 ಎಕರೆ ಮತ್ತೆ ನಾಲ್ವರಿಗೆ ಹಂಚಿದರೆ ತಲಾ 30 ಗುಂಟೆ. ಹಾಗಾಗಿ ಮೂವರಿಗೆ 3 ಎಕರೆ 30 ಗುಂಟೆ. ದೊಡ್ಡ ಮಗಳಿಗೆ ಬರೀ 30 ಗುಂಟೆ. ಒಂದೇ ಮನೆಯಲ್ಲಿ ಹುಟ್ಟಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಲಗ್ನಪತ್ರಿಕೆಯ ತಾರೀಖು ಅವರಿಬ್ಬರ ನಡುವೆ 3 ಎಕರೆ ಅಂತರ ಇಟ್ಟಿತು. ಆ ಕಾಲದಲ್ಲಿ ಅಕ್ಕತಂಗಿಯರ ನಡುವೆಯೇ ಮಾತು ನಿಂತದ್ದನ್ನು ಕಂಡ ಹಿರಿಯರು ಇದನ್ನು ಓದುವವರಲ್ಲಿ ಖಂಡಿತ ಇರುತ್ತಾರೆ.

2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಈ ತಾರೀಖಿನ ತೊಡಕನ್ನು ತೆಗೆಯಿತು. ಮದುವೆಯಾಗಿರಲಿ, ಆಗದಿರಲಿ, ಮಗಳು ಮಗನಿಗೆ ಸಮ. ಅಜ್ಜನೂ ಸೇರಿ ಐದು ಪಾಲು, ಅಜ್ಜನ ಪಾಲು ಮತ್ತೆ ನಾಲ್ವರಿಗೆ. ಕೊನೆಗೆ ಎಲ್ಲರಿಗೂ 3 ಎಕರೆ. ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪ ಆ ತಾರೀಖಿಗಿಂತ ಮೊದಲೇ ತೀರಿಕೊಂಡಿದ್ದರೆ ಏನು ಎಂಬ ಪ್ರಶ್ನೆ ಎದ್ದಿತು. ಕರ್ನಾಟಕದ ಕುಟುಂಬಗಳದ್ದೇ ಎರಡು ಕೇಸುಗಳಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಒಂದು ರೀತಿ, 2018ರಲ್ಲಿ ಇನ್ನೊಂದು ರೀತಿ ಹೇಳಿ ಗೊಂದಲವಾಯಿತು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿತು: ಹಕ್ಕು ಹುಟ್ಟಿನಿಂದ ಬರುತ್ತದೆ ಎಂದ ಮೇಲೆ ಅಪ್ಪ ಆ ದಿನ ಬದುಕಿದ್ದರೋ ಇಲ್ಲವೋ ಎಂದು ನೋಡಬೇಕಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾಗಿಯೋ ಕೋರ್ಟಿನ ಮೂಲಕವೋ ಪಾಲು ಮುಗಿದಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ.

6, 6, 0, 0 ಎಂದು ಶುರುವಾದದ್ದು 3, 3, 3, 3 ಆಗಲು ಇಷ್ಟು ಕಾಲ ಹಿಡಿಯಿತು. ಹೊಲ ಮಾತ್ರ ಅದೇ 12 ಎಕರೆ.

ಇದೆಲ್ಲ ಪಿತ್ರಾರ್ಜಿತದ ಮಾತು. ಅಜ್ಜ ಸ್ವಂತ ಸಂಬಳದಲ್ಲಿ ಕೊಂಡ ಸೈಟು, ಕಟ್ಟಿಸಿದ ಮನೆಗೆ ಲೆಕ್ಕ ಸುಲಭ. ಅದನ್ನು ಅವರು ಯಾರಿಗೆ ಬೇಕಾದರೂ ಬರೆದುಕೊಡಬಹುದು. ಬರೆಯದೆ ಹೋದರೆ ಅಜ್ಜಿಗೆ, ಪ್ರತಿ ಮಗನಿಗೆ, ಪ್ರತಿ ಮಗಳಿಗೆ ತಲಾ ಒಂದು ಸಮಪಾಲು. ಅಜ್ಜನ ತಾಯಿ, ಅಂದರೆ ಮುತ್ತಜ್ಜಿ, ಇನ್ನೂ ಇದ್ದರೆ ಅವರಿಗೂ ಒಂದು. ಮುತ್ತಜ್ಜನಿಗೆ ಮಾತ್ರ ಈ ಮೊದಲ ಸಾಲಿನಲ್ಲಿ ಜಾಗವಿಲ್ಲ! ತಾಯಿ ಮೊದಲ ದರ್ಜೆಯ ವಾರಸುದಾರಳು, ತಂದೆ ಎರಡನೆಯ ದರ್ಜೆ. ಮಗನೊಬ್ಬ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರೆ ಅವನ ಪಾಲು ಅವನ ಹೆಂಡತಿ-ಮಕ್ಕಳಿಗೆ ಬರುತ್ತದೆ. ಇನ್ನೂ ಹೊಟ್ಟೆಯಲ್ಲಿರುವ ಮಗುವನ್ನೂ ಕಾನೂನು ಮರೆತಿಲ್ಲ; ಜೀವಂತವಾಗಿ ಹುಟ್ಟಿದರೆ ಅದಕ್ಕೂ ಉಳಿದ ಮಕ್ಕಳಷ್ಟೇ ಪಾಲು. ಆಸ್ತಿಯ ಒಡೆಯನನ್ನು ಕೊಂದವನಿಗೆ ಮಾತ್ರ ಕಾಸೂ ಇಲ್ಲ. ಪತ್ತೇದಾರಿ ಕಾದಂಬರಿಗಳ ಖಳನಾಯಕರು ಇದನ್ನು ಓದಿಕೊಂಡಂತೆ ಕಾಣುವುದಿಲ್ಲ.

ಮಾವನ ಆಸ್ತಿ ಅಳಿಯನಿಗೆ

ಘಟ್ಟ ಇಳಿದು ತುಳುನಾಡಿಗೆ ಹೋದರೆ ಮರ ತಲೆಕೆಳಗಾಗುತ್ತದೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಇದ್ದದ್ದು ಅಳಿಯಸಂತಾನ ಕಟ್ಟು. ಇಲ್ಲಿ ಅಳಿಯ ಎಂದರೆ ಮಗಳ ಗಂಡನಲ್ಲ, ಸೋದರಿಯ ಮಗ. ಭೂತಾಳ ಪಾಂಡ್ಯನ ಕತೆ ಅಲ್ಲಿನ ಅಜ್ಜಿಯರ ಬಾಯಲ್ಲಿ ಇನ್ನೂ ಇದೆ. ಭೂತವೊಂದು ಬಲಿ ಕೇಳಿತಂತೆ. ಹೆಂಡತಿ ತನ್ನ ಮಕ್ಕಳನ್ನು ಕೊಡಲಾರೆ ಎಂದಳಂತೆ. ತಂಗಿ ತನ್ನ ಮಗನನ್ನು ಮುಂದೆ ತಂದು ನಿಲ್ಲಿಸಿದಳಂತೆ. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಮಾವನ ಆಸ್ತಿ ಅಳಿಯನಿಗೆ ಎಂಬ ಕಟ್ಟಳೆ ಹುಟ್ಟಿತು ಎನ್ನುತ್ತಾರೆ.

ಕತೆ ಹೇಗೇ ಇರಲಿ, ವ್ಯವಸ್ಥೆ ನಿಜವಾಗಿ ನಡೆದದ್ದು. ಕುಟುಂಬ ತಾಯಿಯ ಕಡೆಯಿಂದ ಬೆಳೆಯುತ್ತದೆ. ಒಬ್ಬ ತಾಯಿಯ ಸಂತತಿಯ ಶಾಖೆಗೆ ಕವರು ಎಂದು ಹೆಸರು. ಮನೆಯ ಆಡಳಿತಕ್ಕೆ ಯಜಮಾನ, ಕೆಲವು ಕಡೆ ಯಜಮಾನ್ತಿ. ಗಂಡ ಸತ್ತರೆ ಹೆಂಡತಿ ಬೀದಿಗೆ ಬೀಳುವ ಭಯ ಇರಲಿಲ್ಲ, ಏಕೆಂದರೆ ಅವಳ ಆಸ್ತಿ ತವರಿನಲ್ಲೇ ಇತ್ತು. ಆದರೆ ಅಪ್ಪ ದುಡಿದು ಬೆಳೆಸಿದ ಮನೆತನದ ತೋಟದಲ್ಲಿ ಅವನ ಸ್ವಂತ ಮಕ್ಕಳಿಗೆ ಏನೂ ಇರುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರು ನೆಂಟರು. 1949ರಲ್ಲಿ ಮದ್ರಾಸ್ ಸರ್ಕಾರದ ಅಳಿಯಸಂತಾನ ಕಾಯಿದೆ, ಆಮೇಲೆ 1956ರ ಕಾಯಿದೆ ಬಂದು ಅಪ್ಪನ ಪಾಲು ಅವನ ಹೆಂಡತಿ-ಮಕ್ಕಳ ಕಡೆಗೆ ತಿರುಗಿತು. ದೊಡ್ಡ ಗುತ್ತಿನ ಮನೆಗಳು ಕವರು ಕವರಾಗಿ ಒಡೆದವು. ಬಳಿಯನ್ನು ಮಾತ್ರ ಇವತ್ತಿಗೂ ತಾಯಿಯ ಕಡೆಯಿಂದಲೇ ಎಣಿಸುತ್ತಾರೆ.

ಇನ್ನು ಮುಸ್ಲಿಂ ಕುಟುಂಬಗಳಲ್ಲಿ ಷರಿಯತ್ ಪ್ರಕಾರ ಪಾಲು. ಮಕ್ಕಳಿರುವಾಗ ಹೆಂಡತಿಗೆ ಎಂಟನೇ ಒಂದು ಭಾಗ, ಮಗನಿಗೆ ಸಿಗುವುದರಲ್ಲಿ ಅರ್ಧ ಮಗಳಿಗೆ. ಉಯಿಲು ಬರೆದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ: ವಿಧವೆಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಗಂಡು-ಹೆಣ್ಣು ಭೇದವಿಲ್ಲದೆ ಸಮ.

ಪೌತಿ ಎಂದರೆ ಸಾವು

ಕಾನೂನು ಪುಸ್ತಕದಲ್ಲಿ ಪಾಲು ಬಂದರೆ ಸಾಲದು, ಪಹಣಿಯಲ್ಲಿ ಹೆಸರು ಬರಬೇಕು. ಇದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಪೌತಿ ಎಂಬುದು ಅರಬ್ಬಿಯಿಂದ ಬಂದ ಮಾತು, ಅರ್ಥ ಸಾವು. ವಾರಸು, ತಕರಾರು ಕೂಡ ಅತ್ತ ಕಡೆಯವೇ. ಉಯಿಲು ಇಂಗ್ಲಿಷಿನ 'ವಿಲ್'. ಆಸ್ತಿ ನಮ್ಮದು, ಜಗಳವೂ ನಮ್ಮದು, ಅದರ ಶಬ್ದಗಳನ್ನು ಮಾತ್ರ ದೇಶ ದೇಶದಿಂದ ತಂದಿಟ್ಟುಕೊಂಡಿದ್ದೇವೆ.

ನಿಮ್ಮ ಮನೆಯ ಹೊಲದ ಪಹಣಿಯನ್ನು ಅಪ್ಪನಿಂದ ಕೇಳಿ ನೋಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ? ಎಷ್ಟೋ ಮನೆಗಳಲ್ಲಿ ಅಲ್ಲಿ ಇನ್ನೂ ಮುತ್ತಜ್ಜನೇ ಇರುತ್ತಾರೆ. ಅವರ ಫೋಟೊಗೆ ಹಾಕಿದ ಗಂಧದ ಹಾರ ಮಾಸಿ ಮೂವತ್ತು ವರ್ಷವಾಗಿರುತ್ತದೆ. ಉಳುವವರು ಉಳುತ್ತಿರುತ್ತಾರೆ, ಕಂದಾಯ ಕಟ್ಟುತ್ತಿರುತ್ತಾರೆ, ಯಾರಿಗೂ ತೊಂದರೆ ಕಾಣುವುದಿಲ್ಲ. ಬೆಳೆ ಸಾಲಕ್ಕೆ ಹೋದಾಗ ಕಾಣುತ್ತದೆ. ಮಳೆ ಕೈಕೊಟ್ಟು ಪರಿಹಾರ ಬಂದಾಗ, ರಸ್ತೆಗೆ ಭೂಮಿ ಹೋದಾಗ ಕಾಣುತ್ತದೆ. ಸತ್ತವರ ಹೆಸರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ತೀರಿಕೊಂಡವರ ಹೆಸರಲ್ಲೇ ಉಳಿದ ಖಾತೆಗಳು ಅಷ್ಟೊಂದು ಇದ್ದದ್ದರಿಂದಲೇ ಸರ್ಕಾರ ಪೌತಿ ಖಾತೆಯ ಆಂದೋಲನ ನಡೆಸಬೇಕಾಯಿತು.

ಮಾಡಬೇಕಾದ್ದು ಇಷ್ಟೇ: ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಓಡಾಟ ಕಡಿಮೆ. ಪಾಲು ಇನ್ನೂ ಆಗದಿದ್ದರೆ ವಾರಸುದಾರರೆಲ್ಲರ ಹೆಸರಿನಲ್ಲಿ ಜಂಟಿ ಖಾತೆ ಮಾಡಿಸಬಹುದು. ಒಂದು ಮಾತು ಮಾತ್ರ ಎಲ್ಲರೂ ತಿಳಿದಿರಬೇಕು. ಖಾತೆ ಅಣ್ಣನ ಹೆಸರಿಗೆ ಆಯಿತೆಂದ ಮಾತ್ರಕ್ಕೆ ಹೊಲ ಅಣ್ಣನದಾಗುವುದಿಲ್ಲ. ಖಾತೆ ಕಂದಾಯ ವಸೂಲಿಯ ದಾಖಲೆ, ಮಾಲೀಕತ್ವ ಕೊಡುವ ಪತ್ರವಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಬ್ಯಾಂಕಿನ ಠೇವಣಿಯ ನಾಮಿನಿಯೂ ಹಾಗೆಯೇ. ಹಣವನ್ನು ತೆಗೆದುಕೊಂಡು ವಾರಸುದಾರರಿಗೆ ಮುಟ್ಟಿಸಬೇಕಾದವನು ಅವನು, ಯಜಮಾನನಲ್ಲ.

ಅರಿಶಿನ-ಕುಂಕುಮಕ್ಕೆ ಒಂದು ಸಹಿ

ಈಗ ಕಷ್ಟದ ಮಾತಿಗೆ ಬರೋಣ. ಕಾನೂನು 3, 3, 3, 3 ಅಂದರೂ ಹೆಚ್ಚಿನ ಮನೆಗಳಲ್ಲಿ ಹೊಲ 6, 6 ಎಂದೇ ಪಾಲಾಗುತ್ತದೆ. ಅಣ್ಣತಮ್ಮಂದಿರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಕ್ಕತಂಗಿಯರನ್ನು ಕಾರು ಮಾಡಿ ಕರೆಸುತ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ, ಹೆಬ್ಬೆಟ್ಟು, ಫೋಟೊ. ಹೋಟೆಲಿನಲ್ಲಿ ಊಟ, ಒಂದು ಸೀರೆ, ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಹಣ.

ಇದೆಲ್ಲ ಮೋಸ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ತಮ್ಮ ಊರಲ್ಲೇ ಉಳಿದು ಅಪ್ಪ-ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡಿದ್ದಾನೆ, ತನಗೆ ಗಂಡನ ಮನೆಯಲ್ಲಿ ಕೊರತೆಯಿಲ್ಲ ಎಂದು ಮನಸಾರೆ ಬಿಟ್ಟುಕೊಟ್ಟ ಅಕ್ಕಂದಿರು ಎಷ್ಟೋ ಮಂದಿ. ಬಿಟ್ಟುಕೊಡುವುದಕ್ಕೂ ಅವರಿಗೆ ಹಕ್ಕಿದೆ. ಆದರೆ ಎಷ್ಟೋ ಹೆಂಗಸರು ಸಹಿ ಹಾಕುವುದು ಒಂದೇ ಭಯಕ್ಕೆ: ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಗೌರಿಹಬ್ಬದ ಬಾಗಿನ ಬರುವುದಿಲ್ಲ. ಪಂಚಮಿಗೆ ಅಣ್ಣ ಕರೆಯಲು ಬರುವುದಿಲ್ಲ. ಮಗಳ ಮದುವೆಯಲ್ಲಿ ಸೋದರಮಾವನ ಜಾಗ ಖಾಲಿ ಇರುತ್ತದೆ. 3 ಎಕರೆ ಒಂದು ತಟ್ಟೆಯಲ್ಲಿ, ತವರು ಇನ್ನೊಂದು ತಟ್ಟೆಯಲ್ಲಿ. ಗಂಡುಮಕ್ಕಳಿಗೆ ಇಂಥ ತಕ್ಕಡಿಯನ್ನು ಯಾರೂ ಹಿಡಿದು ತೋರಿಸುವುದಿಲ್ಲ. ಅವರು ಪಾಲು ತೆಗೆದುಕೊಂಡೂ ತವರಿನವರಾಗಿಯೇ ಉಳಿಯುತ್ತಾರೆ. ನನ್ನ ಪ್ರಕಾರ ಅಜ್ಜ-ಅಜ್ಜಿ ಗಟ್ಟಿಯಾಗಿರುವಾಗಲೇ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಈ ಮಾತನ್ನು ಆಡುವುದು ವಾಸಿ. ಅವರೆದುರು ಅಕ್ಕ 'ನನಗೆ ಬೇಡ' ಎಂದರೆ ಅದು ನಿಜವಾದ 'ಬೇಡ'. 'ನನಗೂ ಬೇಕು' ಎಂದರೆ ಅದನ್ನು ಅಪ್ಪನೇ ಕೇಳಿಸಿಕೊಂಡಂತಾಗುತ್ತದೆ.

ಮಕ್ಕಳಿಗೂ ಇಲ್ಲಿ ಒಂದು ಸುದ್ದಿ ಇದೆ. 18 ತುಂಬದವರಿಗೆ ಅಪ್ಪನಿಂದ ಸ್ವಂತವಾಗಿ ಬಂದ ಜಮೀನಿನ ಪಾಲನ್ನು ತಾಯಿಯೇ ಆದರೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ.

ಅಜ್ಜಿಯ ಪೆಟ್ಟಿಗೆ

ಅಜ್ಜನ ಆಸ್ತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅಜ್ಜಿಯದರ ಬಗ್ಗೆ ಯಾರೂ ಇಲ್ಲ. 1956ರ ಕಾಯಿದೆಯ 14ನೇ ಕಲಂ ಹೆಂಗಸಿಗೆ ಬಂದ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. ಒಂದು ರೀತಿಯಲ್ಲಿ ವಿಜ್ಞಾನೇಶ್ವರರ ಮಾತಿಗೇ ಮರಳಿದಂತಾಯಿತು. ಆದರೆ ಅವಳು ಉಯಿಲು ಬರೆಯದೆ ತೀರಿಕೊಂಡರೆ ಯಾರಿಗೆ ಎಂದು ಹೇಳುವ 15ನೇ ಕಲಂ ಬೇರೆಯೇ ದಾರಿ ಹಿಡಿಯುತ್ತದೆ. ಮೊದಲು ಮಕ್ಕಳು, ಗಂಡ. ಅವರಿಲ್ಲದಿದ್ದರೆ ಗಂಡನ ಕಡೆಯ ವಾರಸುದಾರರು. ಅವಳ ಸ್ವಂತ ತಾಯಿ-ತಂದೆ ಅದರ ನಂತರ. ಅಪ್ಪ-ಅಮ್ಮನಿಂದ ವಾರಸಾಗಿ ಬಂದದ್ದು ಮಾತ್ರ, ಮಕ್ಕಳಿಲ್ಲದಿದ್ದರೆ, ಅಪ್ಪನ ಕಡೆಗೆ ಹಿಂತಿರುಗುತ್ತದೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2009ರ ಒಂದು ತೀರ್ಪು ಓದಬೇಕು. ಮದುವೆಯಾದ ಮೂರೇ ತಿಂಗಳಿಗೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು. ಗಂಡನ ಮನೆಯವರು ಹೊರಹಾಕಿದರು. ತವರಿನವರು ಓದಿಸಿದರು, ಅವಳು ಕೆಲಸಕ್ಕೆ ಸೇರಿ ದುಡಿದು ಒಂದಿಷ್ಟು ಉಳಿಸಿದಳು. ಮಕ್ಕಳಿಲ್ಲ, ಉಯಿಲಿಲ್ಲ. ಅವಳು ತೀರಿಕೊಂಡ ಮೇಲೆ ತಾಯಿಯೂ ಕೇಳಿದರು, ಗಂಡನ ಕಡೆಯವರೂ ಕೇಳಿದರು. ಹಣ ಹೋದದ್ದು ಗಂಡನ ಕಡೆಯವರಿಗೆ. ಅನುಕಂಪ ಒಂದು, ಕಾನೂನು ಇನ್ನೊಂದು ಎಂಬ ಧಾಟಿಯಲ್ಲಿ ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಆ ಕಲಂ ಇನ್ನೂ ಹಾಗೇ ಇದೆ. ಅವಳು ಒಂದು ಹಾಳೆ ಬರೆದಿಟ್ಟಿದ್ದರೆ ಸಾಕಿತ್ತು.

ಉಯಿಲು ಬರೆಯುವುದು ಅಷ್ಟು ದೊಡ್ಡ ಕೆಲಸವಲ್ಲ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ಜಗಳ ಕಡಿಮೆ. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಬದುಕಿರುವಷ್ಟು ದಿನ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದ್ದೇ ಲೆಕ್ಕ. ದಾನಪತ್ರ ಹಾಗಲ್ಲ, ಕೊಟ್ಟರೆ ಕೊಟ್ಟಂತೆ. ಮಕ್ಕಳು ನೋಡಿಕೊಳ್ಳುತ್ತಾರೆಂಬ ಷರತ್ತಿನ ಮೇಲೆ ಬರೆದುಕೊಟ್ಟು, ಅವರು ನೋಡಿಕೊಳ್ಳದೆ ಹೋದರೆ, 2007ರ ಹಿರಿಯ ನಾಗರಿಕರ ಕಾಯಿದೆಯ ಪ್ರಕಾರ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ದಾನಪತ್ರ ರದ್ದು ಮಾಡಿಸಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸಿರಬೇಕು, ಬಾಯಿಮಾತಿನ ಭರವಸೆ ಅಲ್ಲಿ ನಿಲ್ಲುವುದು ಕಷ್ಟ. ಪತ್ರ ಬರೆಯುವವರ ಹತ್ತಿರ ಕೂತಾಗ ಆ ಒಂದು ಸಾಲನ್ನು ಮೊಮ್ಮಗಳಿಂದ ಗಟ್ಟಿಯಾಗಿ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.